ಮಾತ್ರೆಯೋ ಅಬ್ಲೇಷನ್ನೋ: ಹನ್ನೊಂದು ತಿಂಗಳು ತಡವಾದ ಒಂದು ನಿರ್ಧಾರ

ಮೊದಲೇ ಒಂದು ಮಾತು. ನಾನು ಹೃದ್ರೋಗ ತಜ್ಞನಲ್ಲ. ಜ್ವರ, ಬಿಪಿ, ಶುಗರ್ ನೋಡುವ ಫಿಜಿಷಿಯನ್. ಹೃದಯದ ತಾಳ ತಪ್ಪಿದ್ದ ಒಬ್ಬರಿಗೆ ಮಾತ್ರೆ ಸಾಕೋ, ಅಬ್ಲೇಷನ್ ಅನ್ನುವ ಚಿಕಿತ್ಸೆ ಬೇಕೋ ಅನ್ನುವ ಪ್ರಕರಣ ಇದು. ಇದರಲ್ಲಿ ಎಡವಿದ್ದು ನಾನೇ, ಅದಕ್ಕೇ ಬರೆಯುತ್ತಿದ್ದೇನೆ. ರೋಗಿಯ ಒಪ್ಪಿಗೆ ಇದೆ. ಅವರ ವಯಸ್ಸು, ಕೆಲಸ, ಮನೆಯ ವಿವರ ಬದಲಾಯಿಸಿದ್ದೇನೆ. ಪರೀಕ್ಷೆಗಳ ಅಂಕಿ ಮಾತ್ರ ಇದ್ದ ಹಾಗೇ ಇವೆ. ಇಲ್ಲಿ ಅವರನ್ನು ಟೀಚರ್ ಅಂತ ಕರೆಯುತ್ತೇನೆ.

ಕೊನೇ ಮೆಟ್ಟಿಲು ತಪ್ಪಿದ ಹಾಗೆ

ಟೀಚರ್‌ಗೆ 44 ವರ್ಷ. ಮೊದಲ ಸಲ ಬಂದಾಗ ಹೇಳಿದ್ದು ಇಷ್ಟು: "ಡಾಕ್ಟ್ರೇ, ಕತ್ತಲಲ್ಲಿ ಇಳಿಯುವಾಗ ಕೊನೇ ಮೆಟ್ಟಿಲು ತಪ್ಪಿದರೆ ಎದೆ ಧಸಕ್ ಅನ್ನುತ್ತಲ್ಲ, ಹಾಗೆ ಆಗುತ್ತೆ. ದಿನಕ್ಕೆ ಎಷ್ಟು ಸಲ ಅಂತ ಲೆಕ್ಕ ಇಟ್ಟು ಸಾಕಾಯಿತು."

ಬಿಪಿ ಇರಲಿಲ್ಲ, ಶುಗರ್ ಇರಲಿಲ್ಲ. ತಲೆಸುತ್ತಿ ಬಿದ್ದಿದ್ದಾರಾ? ಇಲ್ಲ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದಾರಾ? ಅದೂ ಇಲ್ಲ. ಈ ಎರಡು ಪ್ರಶ್ನೆ ಎಲ್ಲಕ್ಕಿಂತ ಮೊದಲು ಕೇಳಬೇಕಾದವು. ಒಂದಕ್ಕೆ ಹೌದು ಅಂದಿದ್ದರೂ ಈ ಪ್ರಕರಣ ಬೇರೆಯೇ ದಾರಿ ಹಿಡಿಯುತ್ತಿತ್ತು.

ಕೈ ಹಿಡಿದು ನಾಡಿ ನೋಡಿದೆ. ಟಕ್, ಟಕ್, ಟಕ್, ಆಮೇಲೆ ಒಂದು ಖಾಲಿ ಜಾಗ. ಮತ್ತೆ ಟಕ್, ಆದರೆ ಈ ಸಲ ಜೋರಾಗಿ. ಆ ಜೋರು ಬಡಿತ ಬಂದಾಗಲೇ ಅವರ ಮುಖ ಸ್ವಲ್ಪ ಬದಲಾಯಿತು.

"ಬಡಿತ ತಪ್ಪುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ನಿಜಕ್ಕೂ ಆಗುವುದು ಉಲ್ಟಾ. ಹೃದಯದ ಕೆಳಗಿನ ಕೋಣೆಯಲ್ಲಿ ಯಾವುದೋ ಒಂದು ಪುಟ್ಟ ಜಾಗ ತನ್ನ ಸರದಿ ಬರುವ ಮೊದಲೇ ಕಿಡಿ ಹಾರಿಸುತ್ತದೆ. ಕೋಣೆಯಲ್ಲಿ ಇನ್ನೂ ರಕ್ತ ತುಂಬಿರುವುದಿಲ್ಲ, ಅದಾಗಲೇ ಹಿಂಡಿಬಿಡುತ್ತದೆ. ಅಷ್ಟು ಕಡಿಮೆ ರಕ್ತ ಮಣಿಕಟ್ಟಿನ ತನಕ ನಾಡಿಯಾಗಿ ಬರುವುದೇ ಇಲ್ಲ. ಅದೇ ನಮಗೆ ಸಿಕ್ಕ ಖಾಲಿ ಜಾಗ. ಆಮೇಲೆ ಹೃದಯ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಆಗ ರಕ್ತ ಜಾಸ್ತಿ ತುಂಬಿಕೊಳ್ಳುತ್ತದೆ, ಮುಂದಿನ ಬಡಿತ ಜೋರಾಗಿ ಬೀಳುತ್ತದೆ. ಧಸಕ್ ಅನ್ನುವುದು ಅದು. ಅಂದರೆ ರೋಗಿಗೆ ಹೆದರಿಕೆ ತರುವ ಬಡಿತವೇ ಸರಿಯಾದ ಬಡಿತ! ಸರದಿ ತಪ್ಪಿ ಬಂದದ್ದು ಗೊತ್ತೇ ಆಗಿರುವುದಿಲ್ಲ. ಇದಕ್ಕೆ ವೈದ್ಯರು ಪಿವಿಸಿ ಅನ್ನುತ್ತಾರೆ.

ಇಸಿಜಿ ಪಟ್ಟಿಯಲ್ಲಿ ಅಂಥವು ಮೂರು ಕಂಡವು. ಅಗಲವಾದ ಅಲೆಗಳು, ಮೂರೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ಮೂರೂ ಒಂದೇ ಥರ ಇದ್ದರೆ ಕಿಡಿ ಒಂದೇ ಜಾಗದಿಂದ ಬರುತ್ತಿದೆ ಅಂತ ಅರ್ಥ. ಇದನ್ನು ಆಗಲೇ ಗಮನಿಸಿದ್ದೆ. ಮುಂದೆ ಇದೇ ಮುಖ್ಯವಾಯಿತು.

ಹೃದ್ರೋಗ ತಜ್ಞರ ಹತ್ತಿರ ಕಳಿಸಿದೆ. ಪೊಟ್ಯಾಸಿಯಂ, ಮೆಗ್ನೀಸಿಯಂ, ಥೈರಾಯ್ಡ್ ಎಲ್ಲ ಸರಿ ಇದ್ದವು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ಹೃದಯ ಚೆನ್ನಾಗಿತ್ತು. ಇಎಫ್ 60%, ಅಂದರೆ ಎಡ ಕೆಳಕೋಣೆ ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ 60% ಹೊರಗೆ ತಳ್ಳುತ್ತಿತ್ತು. ಆ ಕೋಣೆಯ ಅಗಲ 49 ಮಿಲಿಮೀಟರ್. ಆಮೇಲೆ 24 ಗಂಟೆಯ ಹೋಲ್ಟರ್, ಅಂದರೆ ಮೈಗೆ ಕಟ್ಟಿಕೊಂಡು ಇಡೀ ದಿನದ ಬಡಿತ ದಾಖಲಿಸುವ ಯಂತ್ರ. ಒಟ್ಟು ಬಡಿತ 98,640. ಅದರಲ್ಲಿ ಪಿವಿಸಿ 17,755. ಸರಿಯಾಗಿ 18%.

ಮೊದಲ ನಿರ್ಧಾರ

ಹದಿನೇಳು ಸಾವಿರ ಅಂತ ಕೇಳಿ ಟೀಚರ್ ಅವರ ಯಜಮಾನರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದರಂತೆ. ಸಂಖ್ಯೆ ದೊಡ್ಡದು, ನಿಜ. ಆದರೆ ಹೃದಯದ ರಚನೆ ಸರಿ ಇದ್ದವರಲ್ಲಿ ಇವು ಜೀವಕ್ಕೆ ಅಪಾಯ ತರುವುದು ಅಪರೂಪ. ಚಿಂತೆ ಬೇರೆ. ವರ್ಷಗಟ್ಟಲೆ ದಿನಕ್ಕೆ ಇಷ್ಟು ಸಲ ತಾಳ ತಪ್ಪಿ ಹಿಂಡಿದರೆ ಕೆಲವರಲ್ಲಿ ಹೃದಯದ ಸ್ನಾಯು ನಿಧಾನಕ್ಕೆ ಸೋಲುತ್ತದೆ. 2010ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟು ಬಡಿತದಲ್ಲಿ ಪಿವಿಸಿ 24% ದಾಟಿದವರಲ್ಲಿ ಈ ಸೋಲು ಎದ್ದು ಕಂಡಿತ್ತು. ಸ್ನಾಯು ಸೋತವರ ಪೈಕಿ ಅತಿ ಕಡಿಮೆ ಪ್ರಮಾಣ ಇದ್ದವರಲ್ಲೂ ಅದು 10% ಇತ್ತು. ಟೀಚರ್ ಎರಡರ ನಡುವೆ ನಿಂತಿದ್ದರು.

ತಜ್ಞರು ಮೂರು ದಾರಿ ಹೇಳಿದರು. ಏನೂ ಮಾಡದೆ ಆಗಾಗ ಎಕೋ ಮಾಡಿ ನೋಡುತ್ತಾ ಇರುವುದು. ಹೃದಯದ ವೇಗ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ. ಇಲ್ಲ ಅಂದರೆ ಅಬ್ಲೇಷನ್, ಅಂದರೆ ತೊಡೆಸಂದಿಯ ರಕ್ತನಾಳದಿಂದ ತೆಳ್ಳಗಿನ ತಂತಿ ಕಳಿಸಿ, ಕಿಡಿ ಹಾರುವ ಜಾಗ ಹುಡುಕಿ, ಅದನ್ನು ಬಿಸಿ ಮಾಡಿ ಸುಟ್ಟುಬಿಡುವುದು.

"ಸುಡೋದಾ!" ಅಂದರು ಟೀಚರ್. ಅಲ್ಲಿಗೆ ಆ ಮಾತು ಮುಗಿಯಿತು. ಈ ಪದ ಎಷ್ಟು ಜನರನ್ನು ಓಡಿಸಿದೆಯೋ ಏನೋ.

ಮಾತ್ರೆಯಲ್ಲೂ ಆಯ್ಕೆಗಳಿದ್ದವು. ಬೀಟಾ ಬ್ಲಾಕರ್ ಸೌಮ್ಯ. ಪಿವಿಸಿ ಸಂಖ್ಯೆಯನ್ನು ಅಷ್ಟೇನೂ ಇಳಿಸುವುದಿಲ್ಲ, ಆದರೆ ಧಸಕ್ ಅನ್ನುವುದರ ಏಟು ಕಡಿಮೆ ಮಾಡುತ್ತದೆ. ಫ್ಲೆಕನೈಡ್ ಥರದವು ಬಡಿತವನ್ನು ಚೆನ್ನಾಗಿ ಅಡಗಿಸುತ್ತವೆ, ಆದರೆ ಅವುಗಳ ಹಿಂದೆ ಒಂದು ಕಹಿ ಪಾಠ ಇದೆ. 1980ರ ದಶಕದ ಕೊನೆಯಲ್ಲಿ ಹೃದಯಾಘಾತ ಆದವರಿಗೆ ಪಿವಿಸಿ ಅಡಗಿಸಲು ಫ್ಲೆಕನೈಡ್, ಎನ್‌ಕನೈಡ್ ಕೊಟ್ಟು ನೋಡಿದರು. ಕ್ಯಾಸ್ಟ್ ಅಂತ ಆ ಪ್ರಯೋಗದ ಹೆಸರು. ಇಸಿಜಿ ಸ್ವಚ್ಛವಾಯಿತು, ಜನ ಮಾತ್ರ ಜಾಸ್ತಿ ಸತ್ತರು. 1989ರಲ್ಲಿ ಆ ಎರಡು ಔಷಧಿ ಕೊಡುವುದನ್ನು ಅಲ್ಲಿಗೇ ನಿಲ್ಲಿಸಿದರು. ಟೀಚರ್‌ಗೆ ಹೃದಯಾಘಾತ ಆಗಿರಲಿಲ್ಲ, ಆದ್ದರಿಂದ ಅವರಿಗೆ ಅದು ನೇರವಾಗಿ ಅನ್ವಯಿಸುತ್ತಿರಲಿಲ್ಲ. ಆದರೂ ಪಟ್ಟಿಯಲ್ಲಿ ಬಡಿತ ಕಡಿಮೆಯಾಯಿತು ಅಂದ ಮಾತ್ರಕ್ಕೆ ರೋಗಿಗೆ ಒಳ್ಳೆಯದಾಯಿತು ಅಂತಲ್ಲ ಅನ್ನುವುದನ್ನು ಆ ಪ್ರಯೋಗ ಎಲ್ಲರಿಗೂ ಬಡಿದು ಹೇಳಿತು.

ಎಲ್ಲರೂ ಒಪ್ಪಿದ್ದು ಮೆಟೊಪ್ರೊಲಾಲ್ ಅನ್ನುವ ಬೀಟಾ ಬ್ಲಾಕರ್‌ಗೆ. ಮೊದಲು 25 ಮಿಲಿಗ್ರಾಂ, ಆಮೇಲೆ 50. ಇಎಫ್ ಸರಿ ಇದ್ದಾಗ, ರೋಗಿಗೆ ತಂತಿ ಅಂದರೆ ಹೆದರಿಕೆ ಇದ್ದಾಗ, ಮಾತ್ರೆಯಿಂದ ಶುರು ಮಾಡಿದ್ದು ತಪ್ಪು ಅಂತ ಇವತ್ತಿಗೂ ನನಗೆ ಅನಿಸುವುದಿಲ್ಲ. ತಪ್ಪಾದದ್ದು ಇನ್ನೊಂದು ಕಡೆ. ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಯಾವಾಗ, ಯಾವುದನ್ನು ನೋಡಿ ತೀರ್ಮಾನ ಮಾಡುತ್ತೇವೆ ಅನ್ನುವುದನ್ನು ಆ ದಿನ ಯಾರೂ ಬರೆದಿಡಲಿಲ್ಲ.

ನಾನು ಬರೆದ ಎರಡು ಪದ

ಆರು ವಾರ ಆದ ಮೇಲೆ ಮತ್ತೆ ಹೋಲ್ಟರ್. ಈ ಸಲ 9%. ಅರ್ಧಕ್ಕೆ ಅರ್ಧ! ಟೀಚರ್ ಕೂಡ "ಈಗ ಅಷ್ಟು ಗೊತ್ತಾಗ್ತಿಲ್ಲ ಡಾಕ್ಟ್ರೇ" ಅಂದರು. ತಜ್ಞರು ಮುಂದಿನ ಭೇಟಿ, ಎಕೋ ಎಲ್ಲ ಬರೆದುಕೊಟ್ಟಿದ್ದರು. ಊರಾಚೆ ಓಡಾಟ ಯಾಕೆ, ನಿಮ್ಮ ಹತ್ತಿರವೇ ತೋರಿಸಿಕೊಳ್ಳುತ್ತೇನೆ ಅಂದರು ಟೀಚರ್. ನಾನು ಹೂಂ ಅಂದೆ. ಕೇಸ್ ಶೀಟಿನಲ್ಲಿ "ಮಾತ್ರೆಗೆ ಸ್ಪಂದನೆ" ಅಂತ ಬರೆದು ಗೆರೆ ಎಳೆದೆ.

ಪಿವಿಸಿ ಪ್ರಮಾಣ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಮಾತ್ರೆ ಏನೂ ಇಲ್ಲದೆಯೂ ಒಂದು ದಿನ 20 ಇದ್ದದ್ದು ಇನ್ನೊಂದು ದಿನ 8 ಇರಬಹುದು. 24 ಗಂಟೆಯ ಎರಡು ಹೋಲ್ಟರ್ ಪಕ್ಕಪಕ್ಕ ಇಟ್ಟು ಮಾತ್ರೆಗೆ ಮಾರ್ಕ್ಸ್ ಕೊಡುವುದು, ಎರಡೇ ದಿನದ ಮಳೆ ಅಳೆದು ಮಳೆಗಾಲ ಹೇಗಿತ್ತು ಅಂದ ಹಾಗೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿತ್ತು. ಆದರೆ ರೋಗಿ ನಗುತ್ತಾ ಕೂತಿರುವಾಗ, ಅಂಕಿಯೂ ನಮಗೆ ಬೇಕಾದ ಹಾಗೇ ಬಂದಾಗ, ಅದನ್ನು ಅನುಮಾನಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಆಮೇಲೆ ತಿಂಗಳುಗಳು ಹೋದವು. ಎರಡು ಸಲ ಬಂದರು. ಒಮ್ಮೆ ಮಾತ್ರೆ ಚೀಟಿ ಬರೆಸಿಕೊಳ್ಳಲು, ಒಮ್ಮೆ ಮಗನ ಕೆಮ್ಮಿಗೆ. "ಸುಸ್ತು ಜಾಸ್ತಿ ಆಗುತ್ತೆ" ಅಂದಿದ್ದರು. "ಈ ಮಾತ್ರೆಗೆ ಸ್ವಲ್ಪ ಹಾಗೇ" ಅಂದೆ. ಬೀಟಾ ಬ್ಲಾಕರ್‌ಗೆ ಸುಸ್ತು ಬರುವುದು ನಿಜ. ಕೈಕಾಲು ತಣ್ಣಗಾಗುವುದು, ವಿಚಿತ್ರ ಕನಸು ಬೀಳುವುದು, ಅದೂ ನಿಜ. ಹೃದಯ ಸೋಲಲು ಶುರುವಾದರೂ ಮೊದಲು ಕಾಣುವುದು ಇದೇ ಸುಸ್ತು. ಎರಡಕ್ಕೂ ಒಂದೇ ಮುಖ. ನಾನು ಒಂದನ್ನು ಮಾತ್ರ ನೋಡಿದೆ.

ಹನ್ನೊಂದನೇ ತಿಂಗಳು ಜ್ವರ ಅಂತ ಬಂದರು. ಬೆರಳಿಗೆ ಹಾಕಿದ ಪಲ್ಸ್ ಆಕ್ಸಿಮೀಟರ್ 41 ತೋರಿಸಿತು. ಜ್ವರ ಇರುವವರ ನಾಡಿ 41 ಇರುತ್ತದಾ? ಮೆಷಿನ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಬೆರಳಿಗೆ ಹಾಕಿದೆ. 42. "ನನ್ನ ವಾಚ್ ಕೂಡ ಎರಡು ತಿಂಗಳಿಂದ ಹೀಗೇ ತೋರಿಸ್ತಿದೆ, ಚಾರ್ಜ್ ಸರಿಯಾಗಿ ಆಗ್ತಿಲ್ಲ ಅನ್ಸುತ್ತೆ" ಅಂದರು ಟೀಚರ್. ಸ್ಟೆತಸ್ಕೋಪ್ ಎದೆ ಮೇಲೆ ಇಟ್ಟು ಎಣಿಸಿದೆ. ಒಳಗೆ 84 ಇತ್ತು. ಒಂದು ಸರಿಯಾದದ್ದು, ಒಂದು ಪಿವಿಸಿ, ಒಂದು ಸರಿಯಾದದ್ದು, ಒಂದು ಪಿವಿಸಿ. ಅರ್ಧ ಬಡಿತ ಬೆರಳಿನ ತುದಿ ತನಕ ಬರುತ್ತಲೇ ಇರಲಿಲ್ಲ. ವಾಚ್ ಎರಡು ತಿಂಗಳಿಂದ ತನಗೆ ಕಂಡದ್ದನ್ನು ಹೇಳುತ್ತಲೇ ಇತ್ತು. ನಾವೆಲ್ಲ ಚಾರ್ಜರ್ ಮೇಲೆ ಅನುಮಾನ ಪಟ್ಟಿದ್ದೆವು.

"ಮತ್ತೆ ನಿಮಗೆ ಎದೇಲಿ ಏನೂ ಅನ್ಸಲಿಲ್ವಾ?"

"ಅಭ್ಯಾಸ ಆಗೋಯ್ತು ಡಾಕ್ಟ್ರೇ."

ಎಕೋ ಮಾಡಿಸಿದೆವು. ಇಎಫ್ 46%. ಕೋಣೆಯ ಅಗಲ 57.

ಅಂಕಿ ನಂಬಬಹುದಾ?

ಇಲ್ಲಿ ತಜ್ಞರು ಆತುರ ಪಡಲಿಲ್ಲ, ಅದು ನನಗೆ ಇಷ್ಟವಾಯಿತು. ಬಡಿತ ಹೀಗೆ ಜೋಡಿ ಜೋಡಿಯಾಗಿ ಬರುವಾಗ ಎಕೋದ ಇಎಫ್ ಮೋಸ ಮಾಡುತ್ತದೆ. ಪಿವಿಸಿ ಬಡಿತದ ಮೇಲೆ ಅಳೆದರೆ ಹೃದಯ ಕೈಲಾಗದ್ದು ಅನಿಸುತ್ತದೆ. ಅದರ ಮುಂದಿನ ಜೋರು ಬಡಿತದ ಮೇಲೆ ಅಳೆದರೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಸಾಲಾಗಿ ಮೂರ್ನಾಲ್ಕು ಸರಿಯಾದ ಬಡಿತ ಬರುವ ತನಕ ಕಾದು, ಹಲವು ಸಲ ಅಳೆದು ಸರಾಸರಿ ತೆಗೆದರು. ಅದು 46. ಜೊತೆಗೆ ಎಂಆರ್‌ಐ ಮಾಡಿಸಿದರು. ಅದರಲ್ಲಿ 47, ಮತ್ತು ಸ್ನಾಯುವಿನಲ್ಲಿ ಎಲ್ಲೂ ಗಾಯದ ಕಲೆ ಇರಲಿಲ್ಲ.

ಕಲೆ ಇಲ್ಲ ಅನ್ನುವುದು ದೊಡ್ಡ ಸಮಾಧಾನ. ಕಲೆ ಇದ್ದಿದ್ದರೆ ಹೃದಯ ಮೊದಲು ಕೆಟ್ಟು, ಅದರಿಂದ ಪಿವಿಸಿ ಬರುತ್ತಿದೆ ಅಂತ ಯೋಚಿಸಬೇಕಿತ್ತು. ಈಗ ಲೆಕ್ಕ ತಿರುಗಿ ಬಿತ್ತು. ಪಿವಿಸಿಯಿಂದಲೇ ಹೃದಯ ಸೋಲುತ್ತಿರಬಹುದು. ಹಾಗಿದ್ದರೆ ಪಿವಿಸಿ ನಿಂತರೆ ಹೃದಯ ಚೇತರಿಸಿಕೊಳ್ಳಬೇಕು.

ಎದೆಗೆ ಅಂಟಿಸುವ ಪ್ಯಾಚ್ ಹಾಕಿ ಏಳು ದಿನ ರೆಕಾರ್ಡ್ ಮಾಡಿದರು. ಮಾತ್ರೆ ನುಂಗುತ್ತಿದ್ದಾಗಲೇ ಸರಾಸರಿ 22%. ಕಡಿಮೆ ಇದ್ದ ದಿನ 11, ಜಾಸ್ತಿ ಇದ್ದ ದಿನ 29. ನನ್ನ "ಸ್ಪಂದನೆ" ಸಿಕ್ಕಿದ್ದು ಬಹುಶಃ ಅಂಥದ್ದೇ ಒಂದು ಒಳ್ಳೆಯ ದಿನದಲ್ಲಿ.

ನಾಲ್ಕು ಕುರ್ಚಿ, ಒಂದು ಗಂಟೆ

ಟೀಚರ್, ಅವರ ಯಜಮಾನರು, ನಾನು, ಮತ್ತೆ ಹೃದಯದ ಕರೆಂಟ್ ನೋಡುವ ಇಪಿ ಡಾಕ್ಟರು. ಹನ್ನೊಂದು ತಿಂಗಳ ಹಿಂದೆ ಆಗಬೇಕಿದ್ದ ಮಾತು ಅವತ್ತು ನಡೆಯಿತು.

ಯಜಮಾನರು ಶುರು ಮಾಡಿದರು. "ಇನ್ನೂ ಪವರ್ ಇರೋ ಮಾತ್ರೆ ಇಲ್ವಾ ಸರ್? ಅದನ್ನೇ ಕೊಟ್ಟು ನೋಡೋಣ."

ಇತ್ತು. ಇಪಿ ಡಾಕ್ಟರು ಒಂದೊಂದಾಗಿ ಹೇಳಿದರು. ವೆರಾಪಮಿಲ್, ಸೋತ ಹೃದಯಕ್ಕೆ ಕೊಡಬಾರದು. ಫ್ಲೆಕನೈಡ್, ಇಎಫ್ ಇಳಿದ ಮೇಲೆ ಅದನ್ನು ಕೊಡಲು ಧೈರ್ಯ ಸಾಲದು. ಅಮಿಯೊಡರೋನ್, ಇದು ಕೆಲಸ ಮಾಡುತ್ತದೆ, ಸೋತ ಹೃದಯಕ್ಕೂ ಕೊಡಬಹುದು. ಆದರೆ 45 ವರ್ಷದವರು ಅದನ್ನು ಎಷ್ಟು ವರ್ಷ ನುಂಗಬೇಕು? ಥೈರಾಯ್ಡ್, ಲಿವರ್, ಶ್ವಾಸಕೋಶ, ಕಣ್ಣು, ಬಿಸಿಲಿಗೆ ಚರ್ಮ, ಎಲ್ಲದರ ಮೇಲೂ ಅದು ಕೈ ಇಡುತ್ತದೆ. ಕೆಲವು ತಿಂಗಳಿಗೆ ಸರಿ, ಜೀವನಪೂರ್ತಿಗಲ್ಲ.

ಅಬ್ಲೇಷನ್ ಬಗ್ಗೆ ಹೇಳುವಾಗ ಅವರು ಹೊಗಳಲಿಲ್ಲ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಲೆಕ್ಕ ಕೊಟ್ಟರು. ಬಲ ಕೋಣೆಯಿಂದ ರಕ್ತ ಹೊರಗೆ ಹೋಗುವ ದಾರಿಯಲ್ಲಿ ಪಿವಿಸಿ ಹುಟ್ಟುತ್ತಿದ್ದ 330 ಜನ. ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ಅಬ್ಲೇಷನ್, ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ. ಒಂದು ವರ್ಷದಲ್ಲಿ ಪಿವಿಸಿ ಮರಳಿ ಬಂದದ್ದು ಮಾತ್ರೆಯವರಲ್ಲಿ 88.6%, ಅಬ್ಲೇಷನ್ ಆದವರಲ್ಲಿ 19.4%.

ಯಜಮಾನರ ಮುಖ ಅರಳಿತು. ಡಾಕ್ಟರು ಕೂಡಲೇ ಕೈ ಅಡ್ಡ ಮಾಡಿದರು. "ಆದರೆ ಆ ಅಂಕಿ ನಿಮ್ಮವರಿಗೆ ಹಾಗೇ ಹಾಕೋಕ್ಕಾಗಲ್ಲ." ಇಸಿಜಿ ಮುಂದಿಟ್ಟು ತೋರಿಸಿದರು. ಕೆಳಗಿನ ಲೀಡ್‌ಗಳಲ್ಲಿ, ಅಂದರೆ ಹೃದಯವನ್ನು ಕೆಳಗಿನಿಂದ ನೋಡುವ ಗೆರೆಗಳಲ್ಲಿ, ಅಲೆ ಎತ್ತರಕ್ಕೆ ನಿಂತಿತ್ತು. ಹಾಗಾಗಿ ಕಿಡಿ ಹೃದಯದ ಮೇಲ್ಭಾಗದಲ್ಲಿ, ರಕ್ತ ಹೊರಹೋಗುವ ಬಾಗಿಲಿನ ಹತ್ತಿರ ಇದೆ. ಅದು ಖಚಿತ. ಎದೆಯ ಲೀಡ್‌ಗಳಲ್ಲಿ ಅಲೆ ಕೆಳಗಿನಿಂದ ಮೇಲಕ್ಕೆ ತಿರುಗುವುದು ಮೂರನೆಯದರಲ್ಲಿ. ಎರಡರಲ್ಲೇ ತಿರುಗಿದ್ದರೆ ಎಡಗಡೆ, ನಾಲ್ಕರಲ್ಲಿ ತಿರುಗಿದ್ದರೆ ಬಲಗಡೆ ಅನ್ನಬಹುದಿತ್ತು. ಮೂರರಲ್ಲಿ ಬಂದರೆ ಎರಡೂ ಆಗಬಹುದು. ಆ ಜಾಗದಲ್ಲಿ ಬಲ ಎಡ ಎರಡೂ ಬೆನ್ನಿಗೆ ಬೆನ್ನು ತಾಗಿಸಿ ಕೂತಿವೆ.

ಬಲಗಡೆ ಇದ್ದರೆ ಸುಲಭ, ಸಿರೆಯಿಂದ ಹೋಗಬಹುದು. ಎಡಗಡೆ ಆದರೆ ಅಪಧಮನಿಯಿಂದ ಹೋಗಬೇಕು, ಪಾರ್ಶ್ವವಾಯುವಿನ ಸಣ್ಣ ಅಪಾಯ ಇದೆ, ಪಕ್ಕದಲ್ಲೇ ಹೃದಯಕ್ಕೆ ರಕ್ತ ಕೊಡುವ ಮುಖ್ಯ ನಾಳದ ಬಾಯಿ ಇರುತ್ತದೆ. ಹೃದಯದ ಗೋಡೆಗೆ ತೂತು ಬಿದ್ದು ಸುತ್ತಲಿನ ಚೀಲದಲ್ಲಿ ರಕ್ತ ತುಂಬುವುದು ನೂರರಲ್ಲಿ ಒಬ್ಬರಿಗೆ ಆಗಬಹುದು. ತೊಡೆಸಂದಿಯಲ್ಲಿ ರಕ್ತ ಹೆಪ್ಪುಗಟ್ಟಿ ಊದಿಕೊಳ್ಳುವುದು ಅದಕ್ಕಿಂತ ಜಾಸ್ತಿ. ಒಂದೇ ಸಲಕ್ಕೆ ಆಗದೆ ಎರಡನೇ ಸಲ ಬರಬೇಕಾಗಬಹುದು. ಇದೆಲ್ಲ ಹೇಳಿ ಕೊನೆಗೆ ಅಂದರು: "2022ರ ಯುರೋಪಿನ ಮಾರ್ಗಸೂಚಿ, ಪಿವಿಸಿಯಿಂದಲೇ ಹೃದಯ ಸೋತಿದೆ ಅಂತ ಅನುಮಾನ ಇದ್ದು, ಅವು ಹೆಚ್ಚಾಗಿ ಒಂದೇ ಜಾಗದಿಂದ ಬರ್ತಿದ್ರೆ, ಅಬ್ಲೇಷನ್ನೇ ಮೊದಲು ಅನ್ನುತ್ತೆ. ನಾನೂ ಅದನ್ನೇ ಹೇಳ್ತೀನಿ."

ಟೀಚರ್ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಹೋದ ವರ್ಷಾನೂ ನೀವೆಲ್ಲ ಮೂರು ದಾರಿ ಹೇಳಿದ್ರಿ, ಈ ವರ್ಷಾನೂ ಹೇಳ್ತಿದ್ದೀರಿ. ಬದಲಾಗಿದ್ದು ಏನು?"

ಈ ಪ್ರಶ್ನೆಯ ಮುಂದೆ ಉಳಿದ ಮಾತೆಲ್ಲ ಸಣ್ಣದಾಯಿತು. ಹೋದ ವರ್ಷ ನಾವು ನೋಡುತ್ತಿದ್ದದ್ದು ಅವರಿಗೆ ಆಗುತ್ತಿದ್ದ ಕಿರಿಕಿರಿಯನ್ನು. ಕಿರಿಕಿರಿಯ ವಿಷಯದಲ್ಲಿ ಯಜಮಾನಿಕೆ ಅವರದ್ದೇ. ಮಾತ್ರೆ ಸಾಕು ಅಂದರೆ ಸಾಕು, ಏನೂ ಬೇಡ ಅಂದರೆ ಅದೂ ಸರಿ. ಈ ವರ್ಷ ನೋಡುತ್ತಿರುವುದು ಸ್ನಾಯುವನ್ನು. ಅದು ಧಸಕ್ ಅನ್ನುವುದಿಲ್ಲ, ದೂರು ಹೇಳುವುದಿಲ್ಲ. ಅದರ ಪರವಾಗಿ ಮಾತಾಡಲು ಎಕೋ ಒಂದೇ ಇರುವುದು. ನನಗೆ ತೋಚಿದಷ್ಟು ಹೀಗೆ ಹೇಳಿದೆ. ಆರು ತಿಂಗಳ ಹಿಂದೆ ಎಕೋ ಮಾಡಿಸದೇ ಇದ್ದದ್ದು ನನ್ನ ತಪ್ಪು ಅಂತಲೂ ಹೇಳಿದೆ. ಅವರು ಏನೂ ಅನ್ನಲಿಲ್ಲ. ಯಜಮಾನರು ನನ್ನ ಕಡೆ ನೋಡಿ, ಮತ್ತೆ ಕಿಟಕಿ ಕಡೆ ನೋಡಿದರು.

"ಸುಡಿ ಹಾಗಾದ್ರೆ" ಅಂದರು ಟೀಚರ್.

ಮೇಜಿನ ಮೇಲೆ ಮಾಯ

ಅಬ್ಲೇಷನ್‌ಗೆ ಕೆಲವು ದಿನ ಮುಂಚೆ ಮೆಟೊಪ್ರೊಲಾಲ್ ನಿಲ್ಲಿಸಬೇಕು. ಪಿವಿಸಿ ಬರುತ್ತಿದ್ದರೆ ತಾನೆ ಹುಡುಕಲು ಸಾಧ್ಯ? ಆ ದಿನಗಳಲ್ಲಿ ಧಸಕ್ ಜಾಸ್ತಿಯಾಯಿತು, ಸುಸ್ತು ಮಾತ್ರ ಸ್ವಲ್ಪ ಕಡಿಮೆಯಾಯಿತಂತೆ. ಅಂದರೆ ಸುಸ್ತಿನಲ್ಲಿ ಮಾತ್ರೆಯ ಪಾಲೂ ಇತ್ತು. ನಾನು ಪೂರ್ತಿ ಸುಳ್ಳು ಹೇಳಿರಲಿಲ್ಲ, ಅರ್ಧ ಮಾತ್ರ.

ಬೆಳಗ್ಗೆ 7:30ಕ್ಕೆ ಕ್ಯಾಥ್ ಲ್ಯಾಬ್‌ಗೆ ಕರೆದುಕೊಂಡರು. ಮಂಪರಿನ ಔಷಧಿ ಕೊಟ್ಟು ತಂತಿಗಳನ್ನು ಒಳಗೆ ಬಿಟ್ಟು ಕಾದರು. ಪಿವಿಸಿ ಬರಲಿಲ್ಲ. ಒಂದೂ ಇಲ್ಲ. ದಿನಕ್ಕೆ ಇಪ್ಪತ್ತು ಸಾವಿರ ಬರುತ್ತಿದ್ದದ್ದು ಮೇಜಿನ ಮೇಲೆ ಮಲಗಿಸಿದ ಕೂಡಲೇ ಮಾಯ. ಮಂಪರು ಕಡಿಮೆ ಮಾಡಿದರು. ಬಡಿತ ಏರಿಸುವ ಐಸೊಪ್ರೆನಲಿನ್ ಹನಿ ಹನಿಯಾಗಿ ಬಿಟ್ಟರು. ತಂತಿಯಿಂದ ಹೃದಯವನ್ನು ವೇಗವಾಗಿ ಬಡಿಸಿ ನಿಲ್ಲಿಸಿ ನೋಡಿದರು. ಎರಡು ಗಂಟೆಯಲ್ಲಿ ಬಂದದ್ದು ಐದೋ ಆರೋ.

ಈ ಪ್ರಕರಣದಲ್ಲಿ ನಾನು ತುಂಬಾ ಮೆಚ್ಚಿಕೊಂಡ ನಿರ್ಧಾರ ಇಲ್ಲಿದೆ. ಪಿವಿಸಿ ಬಾರದಿದ್ದರೂ ಒಂದು ಉಪಾಯ ಇದೆ. ತಂತಿಯ ತುದಿಯಿಂದ ಒಂದೊಂದು ಜಾಗದಲ್ಲಿ ಹೃದಯವನ್ನು ಬಡಿಸಿ, ಇಸಿಜಿಯಲ್ಲಿ ಬರುವ ಅಲೆ ಹಳೆಯ ಪಿವಿಸಿಯ ಅಚ್ಚಿಗೆ ಹೊಂದುತ್ತದಾ ಅಂತ ನೋಡುವುದು. ಬಲಗಡೆ ಒಂದು ಜಾಗದಲ್ಲಿ ಸುಮಾರಾಗಿ ಹೊಂದಿತ್ತು. ಅಲ್ಲೇ ನಾಲ್ಕು ಸಲ ಸುಟ್ಟು ಹೊರಗೆ ಬರಬಹುದಿತ್ತು. "ಮಾಡಿದ್ದೇವೆ" ಅಂತ ಹೇಳಲೂಬಹುದಿತ್ತು. ಅವರು ಸುಡಲಿಲ್ಲ. ಹೊರಗೆ ಬಂದು ಯಜಮಾನರಿಗೆ, "ಅಂದಾಜಿನ ಮೇಲೆ ಸುಡಲ್ಲ. ಇವತ್ತು ಆಗಲಿಲ್ಲ, ಕ್ಷಮಿಸಿ" ಅಂದರು.

ಟೀಚರ್ ಅವತ್ತು ಅತ್ತರು. ಇಷ್ಟು ಧೈರ್ಯ ಮಾಡಿ ಹೋಗಿ, ತೊಡೆಸಂದಿಗೆ ಪಟ್ಟಿ ಕಟ್ಟಿಸಿಕೊಂಡು ಬರಿಗೈಯಲ್ಲಿ ಬಂದರೆ ಯಾರಿಗೆ ಅಳು ಬರಲ್ಲ?

ಮುಂದಿನ ದಾರಿ ತೋರಿಸಿದ್ದು ಹೋಲ್ಟರ್ ವಿಭಾಗದ ಟೆಕ್ನಿಷಿಯನ್. ವರದಿಯಲ್ಲಿ ಮೊದಲ ಪುಟದ ಶೇಕಡಾವಾರು ಬಿಟ್ಟು ಬೇರೇನನ್ನೂ ಯಾರೂ ಓದುವುದಿಲ್ಲ. ಒಳಗೆ ಗಂಟೆ ಗಂಟೆಯ ಕಂಬದ ಚಿತ್ರ ಇರುತ್ತದೆ. ಏಳು ದಿನದ ಚಿತ್ರಗಳನ್ನು ಆಕೆ ಒಂದರ ಕೆಳಗೆ ಒಂದು ಇಟ್ಟು ತೋರಿಸಿದರು. ಬೆಳಗ್ಗೆ 6ರಿಂದ 9ರ ತನಕ ಕಂಬಗಳು ಗಿಡ್ಡ, ಏಳು ದಿನವೂ. ಮಧ್ಯಾಹ್ನ 12ರಿಂದ 4ರ ತನಕ ಎತ್ತರ. ನಾವು ಅವುಗಳನ್ನು ಹುಡುಕಲು ಹೋದದ್ದು ಅವು ಮಲಗುವ ಹೊತ್ತಿನಲ್ಲಿ!

ಐದು ವಾರ ಬಿಟ್ಟು ಎರಡನೇ ಸಲ ಹೋದಾಗ ಸಮಯ ಮಧ್ಯಾಹ್ನ 12:30, ಮಂಪರು ತೀರಾ ಕಡಿಮೆ. ಮೇಜಿನ ಮೇಲೆ ಮಲಗಿದಾಗಲೇ ಪರದೆಯಲ್ಲಿ ಅಗಲ ಅಲೆಗಳು ಸಾಲುಗಟ್ಟಿದ್ದವು. ಬಲಗಡೆ ಹುಡುಕಿದರು. ಸಂಕೇತ ಎಷ್ಟು ಮುಂಚೆ ಸಿಗುತ್ತದೋ ಕಿಡಿಯ ಜಾಗ ಅಷ್ಟು ಹತ್ತಿರ. ಅಲ್ಲಿ ಸಿಕ್ಕ ಅತಿ ಮುಂಚಿನ ಸಂಕೇತ ಪಿವಿಸಿಗಿಂತ 12 ಮಿಲಿಸೆಕೆಂಡ್ ಮೊದಲು. ಸಾಲದು. ಎಡಗಡೆ ಹೋದರು. ಮಹಾಪಧಮನಿಯ ಕವಾಟದ ಹಿಂದೆ, ಎಡ ಬಟ್ಟಲಿನಲ್ಲಿ 32 ಮಿಲಿಸೆಕೆಂಡ್ ಮೊದಲು. ಮೊದಲ ದಿನ ಅಂದಾಜಿನಲ್ಲಿ ಬಲಗಡೆ ಸುಟ್ಟಿದ್ದರೆ ಏನೂ ಸಿಗುತ್ತಿರಲಿಲ್ಲ ಅಂತ ಆಗ ಗೊತ್ತಾಯಿತು. ಹೃದಯದ ಮುಖ್ಯ ನಾಳದ ಬಾಯಿ ಎಷ್ಟು ದೂರ ಇದೆ ಅಂತ ಆಂಜಿಯೋಗ್ರಾಂ ಮಾಡಿ ನೋಡಿ, ಸಾಕಷ್ಟು ಅಂತರ ಇದೆ ಅಂತ ಖಾತ್ರಿ ಮಾಡಿಕೊಂಡು ಬಿಸಿ ಕೊಟ್ಟರು. ಆರನೇ ಸೆಕೆಂಡಿಗೆ ಪಿವಿಸಿ ನಿಂತಿತು. ಅರ್ಧ ಗಂಟೆ ಕಾದರು, ಔಷಧಿ ಹಾಕಿ ಕೆಣಕಿದರು, ಬರಲಿಲ್ಲ.

ತೊಡೆಸಂದಿಯಲ್ಲಿ ಅಂಗೈ ಅಗಲದ ನೀಲಿ ಕಲೆ ಎದ್ದಿತು. ಎರಡು ವಾರ ಕುಂಟಿದರು. ಬೇರೆ ತೊಂದರೆ ಆಗಲಿಲ್ಲ.

ಆಮೇಲೆ

ಮೂರು ತಿಂಗಳಿಗೆ ಮತ್ತೆ ಏಳು ದಿನದ ಪ್ಯಾಚ್. ಸರಾಸರಿ 0.6%. ಆರು ತಿಂಗಳಿಗೆ ಎಕೋದಲ್ಲಿ ಇಎಫ್ 57, ಕೋಣೆಯ ಅಗಲ 51. ಮಾತ್ರೆಗಳನ್ನು ಒಂದೊಂದಾಗಿ ಇಳಿಸಿದರು.

ಹಾಗಂತ 18% ಇರುವ ಎಲ್ಲರೂ ಮೊದಲ ದಿನವೇ ಅಬ್ಲೇಷನ್‌ಗೆ ಓಡಬೇಕು ಅಂತ ನಾನು ಹೇಳುತ್ತಿಲ್ಲ. ಇಷ್ಟೇ ಪ್ರಮಾಣ ಇದ್ದು ವರ್ಷಗಟ್ಟಲೆ ಇಎಫ್ ಕದಲದೇ ಇರುವವರು ಬೇಕಾದಷ್ಟು ಜನ. ನನ್ನ ಹತ್ತಿರ ಬರುವ ಇನ್ನೊಬ್ಬರಿಗೆ 13% ಇದೆ, ಅವರಿಗೆ ಒಂದೂ ಗೊತ್ತಾಗುವುದಿಲ್ಲ, ಎಕೋ ಸರಿ ಇದೆ. ಅವರಿಗೆ ಮಾತ್ರೆಯೂ ಇಲ್ಲ, ತಂತಿಯೂ ಇಲ್ಲ, ವರ್ಷಕ್ಕೊಂದು ಎಕೋ ಅಷ್ಟೇ. ಟೀಚರ್ ಇಎಫ್ 60ರಲ್ಲೇ ನಿಂತಿದ್ದರೆ ಅವರೂ ಇವತ್ತು ಮಾತ್ರೆಯಲ್ಲೇ ಇರುತ್ತಿದ್ದರು, ಮತ್ತು ಅದೇ ಸರಿಯಾಗಿರುತ್ತಿತ್ತು.

ನನ್ನಲ್ಲಿ ಬದಲಾದದ್ದು ಕೇಸ್ ಶೀಟ್. ಪಿವಿಸಿಗೆ ಮಾತ್ರೆ ಶುರು ಮಾಡಿದ ದಿನವೇ ಮೇಲ್ಗಡೆ ಕೆಂಪು ಪೆನ್ನಿನಲ್ಲಿ ಮುಂದಿನ ಎಕೋದ ತಾರೀಖು ಬರೆಯುತ್ತೇನೆ. ರೋಗಿಗೆ ಚೆನ್ನಾಗಿದೆ ಅನಿಸಿದರೂ ಆ ತಾರೀಖು ಮುಂದೆ ಹೋಗುವುದಿಲ್ಲ. ಅದರ ಕೆಳಗೆ, ಇಎಫ್ ಎಷ್ಟಕ್ಕೆ ಇಳಿದರೆ ಇಪಿ ಡಾಕ್ಟರ ಹತ್ತಿರ ಕಳಿಸಬೇಕು ಅಂತ ತಜ್ಞರನ್ನು ಕೇಳಿ ಬರೆದಿಡುತ್ತೇನೆ, ರೋಗಿಯ ಮುಂದೆಯೇ. ಮಾತ್ರೆ ಗೆದ್ದಿತೋ ಸೋತಿತೋ ಅಂತ 24 ಗಂಟೆಯ ಒಂದೇ ಹೋಲ್ಟರ್ ನೋಡಿ ಹೇಳುವುದು ಬಿಟ್ಟಿದ್ದೇನೆ. ಸುಸ್ತು ಅಂದರೆ ಈಗ ಮಾತ್ರೆ ಮೇಲೆ ಹಾಕುವ ಮುಂಚೆ ಎದೆ ಮೇಲೆ ಸ್ಟೆತಸ್ಕೋಪ್ ಇಟ್ಟು ಒಂದು ನಿಮಿಷ ಪೂರ್ತಿ ಎಣಿಸುತ್ತೇನೆ. ಪೂರ್ತಿ ಒಂದು ನಿಮಿಷ. ಹೊರಗೆ ಕಾಯುವವರು ಗೊಣಗುತ್ತಾರೆ, ಗೊಣಗಲಿ.

ಕಾಫಿ ಬಗ್ಗೆ ಎಲ್ಲರೂ ಕೇಳುವುದರಿಂದ ಒಂದು ಮಾತು. 2023ರಲ್ಲಿ ಬಂದ ಒಂದು ಅಧ್ಯಯನದಲ್ಲಿ 100 ಜನ ಕೆಲವು ದಿನ ಕಾಫಿ ಕುಡಿದರು, ಕೆಲವು ದಿನ ಬಿಟ್ಟರು. ಕುಡಿದ ದಿನ ಪಿವಿಸಿ ಸರಾಸರಿ 154, ಬಿಟ್ಟ ದಿನ 102. ವ್ಯತ್ಯಾಸ ಇದೆ, ಆದರೆ ಹದಿನೇಳು ಸಾವಿರದ ಮುಂದೆ ಐವತ್ತು ಏನು? ಟೀಚರ್ ಮೊದಲ ವರ್ಷ ಪೂರ್ತಿ ಕಾಫಿ ಬಿಟ್ಟಿದ್ದರು. ಅದನ್ನೂ ನಾನೇ ಹೇಳಿದ್ದೆ. ಈಗ ಮತ್ತೆ ಶುರು ಮಾಡಿದ್ದಾರೆ.

ಹೋದ ತಿಂಗಳು ಬಂದಿದ್ದರು, ಭುಜದ ನೋವಿಗೆ. ಕೂತ ಕೂಡಲೇ ಕೇಳದೆಯೇ ಕೈ ಮುಂದೆ ಚಾಚಿದರು. ನಾಡಿ ಹಿಡಿದೆ. ಎಪ್ಪತ್ತೆರಡು, ಒಂದೇ ತಾಳ. ನಿಮಿಷ ಮುಗಿಯುವ ಹೊತ್ತಿಗೆ ಒಂದು ಖಾಲಿ ಜಾಗ, ಆಮೇಲೆ ಒಂದು ಜೋರು ಬಡಿತ. ಇಬ್ಬರೂ ಒಟ್ಟಿಗೆ ತಲೆ ಎತ್ತಿದೆವು.

"ಬಂತು ಅಲ್ವಾ?" ಅಂದರು.

"ಬಂತು. ಒಂದೇ."

"ಮತ್ತೆ ಎಕೋ ಯಾವತ್ತು?"

ಶೀಟ್ ತಿರುಗಿಸಿ ಕೆಂಪು ಅಕ್ಷರ ತೋರಿಸಿದೆ. ಮೊಬೈಲ್ ತೆಗೆದು ತಾರೀಖು ಹಾಕಿಕೊಂಡರು, ಆಮೇಲೆ ಭುಜದ ಕಥೆ ಶುರು ಮಾಡಿದರು.